ರಾಯದುರ್ಗ–ತುಮಕೂರು ರೈಲು ಮಾರ್ಗ

ಆಂಧ್ರಪ್ರದೇಶದ ರಾಯದುರ್ಗವನ್ನು ಕರ್ನಾಟಕದ ತುಮಕೂರಿಗೆ ಜೋಡಿಸುವ, ಸುಮಾರು 207 ಕಿ.ಮೀ. ಉದ್ದದ ಬ್ರಾಡ್‌ಗೇಜ್ ಯೋಜನೆ. ನೈಋತ್ಯ ರೈಲ್ವೆಯ ವ್ಯಾಪ್ತಿಗೆ ಸೇರಿದೆ.

ಹಿನ್ನೆಲೆ: ಬಳ್ಳಾರಿ–ರಾಯದುರ್ಗ ನಡುವೆ ಹಿಂದೆಯೇ ಮೀಟರ್‌ಗೇಜ್ ಹಳಿಯಿತ್ತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೂ ರಾಯದುರ್ಗ ತಾಲ್ಲೂಕು ಆಂಧ್ರಕ್ಕೂ ಸೇರಿದ್ದರಿಂದ ಆ ಹಳಿ ಅಂತರರಾಜ್ಯ ಮಾರ್ಗವಾಯಿತು. ಮುಂದೆ ಅದು ಬ್ರಾಡ್‌ಗೇಜ್‌ಗೆ ಪರಿವರ್ತನೆಗೊಂಡಿತು.

ಮಾರ್ಗ: ರಾಯದುರ್ಗದಿಂದ ತುಮಕೂರಿನವರೆಗಿನ ಹೊಸ ಮಾರ್ಗಕ್ಕೆ 2007–08ರಲ್ಲಿ ಮಂಜೂರಾತಿ ದೊರೆಯಿತು. ಹಳಿ ಗಡಿಯನ್ನು ಮತ್ತೆ ಮತ್ತೆ ದಾಟುತ್ತದೆ: ರಾಯದುರ್ಗ, ಕಲ್ಯಾಣದುರ್ಗ ಆಂಧ್ರದಲ್ಲಿ, ಪಾವಗಡ ಕರ್ನಾಟಕದಲ್ಲಿ, ಮಡಕಶಿರಾ ಮತ್ತೆ ಆಂಧ್ರದಲ್ಲಿ, ಮಧುಗಿರಿ, ಕೊರಟಗೆರೆ, ತುಮಕೂರು ಕರ್ನಾಟಕದಲ್ಲಿ. ಕಾಮಗಾರಿ ಹಂತಹಂತವಾಗಿ ಸಾಗಿದ್ದು, ರಾಯದುರ್ಗ–ಕಲ್ಯಾಣದುರ್ಗ ಭಾಗ ಮೊದಲು ಸಿದ್ಧವಾಯಿತು.

ಮಹತ್ವ: ಕರ್ನಾಟಕದ ಶಿರಾ ತಾಲ್ಲೂಕಿನ ಗಡಿಗೆ ಹೊಂದಿಕೊಂಡ ಅಗಳಿ ಸೇರಿದಂತೆ ಮಡಕಶಿರಾ ಭಾಗದ ಕನ್ನಡಿಗರಿಗೆ ತುಮಕೂರು, ಬೆಂಗಳೂರುಗಳತ್ತ ಈ ಮಾರ್ಗದಿಂದ ರೈಲು ಸಂಪರ್ಕ ಸುಲಭವಾಗುತ್ತದೆ.