ಹರಿಯುವ ನೀರೂ ತಾಮ್ರದ ಸುರುಳಿಯೂ

ನಮ್ಮ ನಾಡಿನಲ್ಲಿ ನಡೆದ ಭೌತವಿಜ್ಞಾನದ ಪ್ರಯೋಗಗಳ ಮಾತು ಬಂದಾಗ, 1965ರಲ್ಲಿ ಕೋಲಾರದ ಚಿನ್ನದ ಗಣಿಯ ಆಳದಲ್ಲಿ ನ್ಯೂಟ್ರಿನೋಗಳ ಸುಳಿವು ದೊರೆತುದನ್ನು ಸ್ಮರಿಸುವುದು ವಾಡಿಕೆ. ಅದಕ್ಕೆ ಹದಿನಾಲ್ಕು ವರ್ಷ ಮೊದಲು, 1951ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಜಿ. ಸೂರ್ಯನ್ ಅವರು ನಡೆಸಿದ ಪ್ರಯೋಗವೊಂದು ಅಷ್ಟು ಪ್ರಸಿದ್ಧವಾಗಲಿಲ್ಲ. ಆದರೆ ಇಂದಿನ ಆಸ್ಪತ್ರೆಗಳ ಎಂ.ಆರ್.ಐ. ಯಂತ್ರಕ್ಕೂ ಅದಕ್ಕೂ ನೇರವಾದ ಸಂಬಂಧವಿದೆ.

ಕಾಂತಕ್ಷೇತ್ರದಲ್ಲಿಟ್ಟ ಜಲಜನಕದ ಬೀಜಗಳು ಕ್ಷೇತ್ರದ ಬಲಕ್ಕೆ ಅನುಗುಣವಾದ ಒಂದು ಆವರ್ತಾಂಕದಲ್ಲಿ ಮಾತ್ರ ರೇಡಿಯೋ ಶಕ್ತಿಯನ್ನು ಹೀರುತ್ತವೆ. ಇದನ್ನು 1946ರಲ್ಲಿ ಅಮೆರಿಕದಲ್ಲಿ ಪರ್ಸೆಲ್ ಮತ್ತು ಬ್ಲಾಕ್ ಅವರ ತಂಡಗಳು ಬೇರೆಬೇರೆಯಾಗಿ ಪ್ರಕಟಿಸಿದವು. ಶಕ್ತಿಯನ್ನು ಒದಗಿಸುವುದೂ ಪ್ರತಿಧ್ವನಿಯನ್ನು ಗ್ರಹಿಸುವುದೂ ತಂತಿಯ ಸುರುಳಿಯ ಕೆಲಸ.

ಸುರುಳಿಯೊಳಗಿನ ನೀರು ನಿಶ್ಚಲವಾಗಿದ್ದು, ಒದಗಿಸಿದ ಶಕ್ತಿ ಹೆಚ್ಚಾದರೆ, ಬೀಜಗಳು ಸಂತೃಪ್ತವಾಗಿ ಸಂಕೇತವು ಕುಗ್ಗುತ್ತದೆ. ಅವು ಪೂರ್ವಸ್ಥಿತಿಗೆ ಮರಳಲು ಕೆಲವು ಸೆಕೆಂಡುಗಳು ಬೇಕು. ಸೂರ್ಯನ್ ಅವರು ನೀರನ್ನು ನಳಿಗೆಯಲ್ಲಿ ಹರಿಯಬಿಟ್ಟರು. ಆಗ ಬಳಲಿದ ಬೀಜಗಳು ಹೊರಹೋಗಿ, ಕಾಂತದಲ್ಲಿದ್ದರೂ ಸುರುಳಿಯ ಪ್ರಭಾವಕ್ಕೆ ಇನ್ನೂ ಸಿಕ್ಕದ ಬೀಜಗಳು ಒಳಬಂದವು. ಪ್ರವಾಹದ ವೇಗ ಹೆಚ್ಚಿದಂತೆ ಸಂಕೇತವೂ ಹೆಚ್ಚಿತು. ಸುರುಳಿಯು ತನ್ನ ಎಲ್ಲೆಯೊಳಗಿನದನ್ನು ಮಾತ್ರ ಕಾಣುತ್ತದೆ. ಈ ಮಿತಿಯೇ ಇಲ್ಲಿ ಅಳತೆಯ ಸಾಧನವಾಯಿತು.

1959ರಲ್ಲಿ ಸಿಂಗರ್ ಅವರು ಇದೇ ಬಗೆಯ ವಿಧಾನದಿಂದ ಇಲಿಯ ಬಾಲದ ರಕ್ತಪ್ರವಾಹವನ್ನು ಅಳೆದರು. 1973ರಲ್ಲಿ ಲಾಟರ್‌ಬರ್ ಅವರು ಅನುರಣನದಿಂದ ಚಿತ್ರ ಪಡೆಯುವ ಮಾರ್ಗವನ್ನು ತೋರಿಸಿದರು. ಆ ಬಳಿಕ ಸುರುಳಿಯ ರಚನೆಯೇ ಒಂದು ಶಾಸ್ತ್ರವಾಯಿತು. ಶರೀರಕ್ಕೆ ಒತ್ತಿಕೊಂಡ ಚಿಕ್ಕ ಸುರುಳಿ ಸೂಕ್ಷ್ಮಗ್ರಾಹಿ, ಆದರೆ ಅದರ ದೃಷ್ಟಿ ಆಳಕ್ಕೆ ಹೋಗದು. ದೊಡ್ಡದು ವಿಶಾಲವಾಗಿ ಕಂಡರೂ ಇಡೀ ಶರೀರದ ವಿದ್ಯುತ್ ಗದ್ದಲವನ್ನೂ ಗ್ರಹಿಸುತ್ತದೆ. 1985ರ ಪಂಜರಾಕಾರದ ಸುರುಳಿ ಸಮನಾದ ಕ್ಷೇತ್ರವನ್ನು ಒದಗಿಸಿತು. 1990ರಲ್ಲಿ ಅನೇಕ ಚಿಕ್ಕ ಸುರುಳಿಗಳ ಸಮೂಹವು ಸೂಕ್ಷ್ಮತೆಯನ್ನೂ ವಿಸ್ತಾರವನ್ನೂ ಒಂದುಗೂಡಿಸಿತು. 1.5 ಟೆಸ್ಲಾ ಯಂತ್ರದಲ್ಲಿ ಇವು ಸುಮಾರು 64 ಮೆಗಾಹರ್ಟ್ಸ್ ಆವರ್ತಾಂಕಕ್ಕೆ ಶ್ರುತಿಗೊಂಡಿರುತ್ತವೆ.

ಇಂದು ಮದ್ದು ಚುಚ್ಚದೆ ರಕ್ತನಾಳಗಳ ಚಿತ್ರವನ್ನು ಪಡೆಯುವ ಒಂದು ಮುಖ್ಯ ವಿಧಾನದಲ್ಲಿ, ಹೊಸದಾಗಿ ಒಳಬರುವ ರಕ್ತವು ಬೆಳಗಿ ಕಾಣುವುದಕ್ಕೆ ಕಾರಣ ಬೆಂಗಳೂರಿನ ನಳಿಗೆಯಲ್ಲಿ ಕಂಡ ತತ್ವವೇ. ಈ ಯಂತ್ರವು ಸಂಪೂರ್ಣವಾಗಿ ಪರದೇಶದ ಕೊಡುಗೆಯೆಂದು ತಿಳಿಯುವ ನಮ್ಮ ವಿದ್ಯಾರ್ಥಿಗಳು ಸೂರ್ಯನ್ ಅವರ ಲೇಖನವನ್ನು ಒಮ್ಮೆ ತೆರೆದು ನೋಡಬೇಕು. ಅದು ಅಚ್ಚಾದುದು ಬೆಂಗಳೂರಿನ ವಿಜ್ಞಾನ ಅಕಾಡೆಮಿಯ ಸಂಚಿಕೆಯಲ್ಲಿಯೇ.