ಕೋಠಿಯ ರೆಸಿಡೆನ್ಸಿ: ದರ್ಬಾರಿನಿಂದ ತರಗತಿಗೆ

ಕಾಚಿಗುಡದ ನೃಪತುಂಗ ಶಾಲೆಗೋ ಸುಲ್ತಾನ್ ಬಜಾರಿನ ಅಂಗಡಿಗಳಿಗೋ ಹೋಗುವ ನಮ್ಮ ಕನ್ನಡ ಕುಟುಂಬದವರಲ್ಲಿ ಕೋಠಿಯ ಮಹಿಳಾ ಕಾಲೇಜಿನ ಮುಂದೆ ಹಾದುಹೋಗದವರು ವಿರಳ. ಆದರೆ ಆ ಆವರಣದೊಳಗಿರುವ ಹಳೆಯ ಸೌಧಕ್ಕೂ ನಮ್ಮ ರಾಯಚೂರು, ಸುರಪುರಗಳಿಗೂ ಇರುವ ನಂಟನ್ನು ಬಲ್ಲವರು ಇನ್ನೂ ವಿರಳ.

1798ರಲ್ಲಿ ಹೈದರಾಬಾದಿನ ನಿಜಾಮರು ಈಸ್ಟ್ ಇಂಡಿಯಾ ಕಂಪನಿಯೊಡನೆ ಸಹಾಯಕ ಸೈನ್ಯದ ಒಪ್ಪಂದ ಮಾಡಿಕೊಂಡರು. ಅದನ್ನು ಕುದುರಿಸಿದ ಜೇಮ್ಸ್ ಅಕಿಲೀಸ್ ಕರ್ಕ್‌ಪ್ಯಾಟ್ರಿಕ್ ಎಂಬ ರೆಸಿಡೆಂಟನು 1803ರ ಸುಮಾರಿಗೆ ಮೂಸಿ ನದಿಯ ಉತ್ತರ ದಂಡೆಯಲ್ಲಿ ಈ ಸೌಧದ ಕೆಲಸ ಆರಂಭಿಸಿದನು. ನಕ್ಷೆ ಬರೆದವನು ಮದ್ರಾಸ್ ಎಂಜಿನಿಯರ್ಸ್ ದಳದ ಲೆಫ್ಟಿನೆಂಟ್ ಸ್ಯಾಮ್ಯುಯಲ್ ರಸೆಲ್. ಮುಂಭಾಗದಲ್ಲಿ ಎತ್ತರದ ಆರು ಕಂಬಗಳು, ಮೆಟ್ಟಿಲುಗಳ ಇಕ್ಕೆಲಗಳಲ್ಲಿ ಎರಡು ಸಿಂಹಗಳು, ಒಳಗೆ ವಿಶಾಲವಾದ ದರ್ಬಾರ್ ಹಾಲ್. ಹೆಸರಿಗೆ ಇದು ರಾಯಭಾರಿಯ ನಿವಾಸ. ಆದರೆ ಅದರ ಬೆನ್ನಿಗಿದ್ದುದು ಸಿಕಂದರಾಬಾದಿನ ದಂಡು.

ಈ ದಂಡಿನ ಜೊತೆಗೆ ಹೈದರಾಬಾದ್ ಕಂಟಿಂಜೆಂಟ್ ಎಂಬ ಇನ್ನೊಂದು ಸೈನ್ಯವೂ ಇತ್ತು. ಅದರ ಖರ್ಚಿನ ಸಾಲ ಬೆಳೆದು, 1853ರಲ್ಲಿ ರೆಸಿಡೆಂಟ್ ಕರ್ನಲ್ ಲೋ ನಿಜಾಮರಿಂದ ವರಾಡ, ಧಾರಾಶಿವ ಪ್ರಾಂತ ಮತ್ತು ರಾಯಚೂರು ದೋಆಬ್‌ಗಳನ್ನು ಕಂಪನಿಯ ಆಡಳಿತಕ್ಕೆ ಬರೆಸಿಕೊಂಡನು. ಕೃಷ್ಣಾ-ತುಂಗಭದ್ರೆಗಳ ನಡುವಿನ ಕನ್ನಡ ರೈತರ ಕಂದಾಯ ಹೀಗೆ ಸೈನಿಕರ ಸಂಬಳಕ್ಕೆ ಹೋಯಿತು.

1857ರ ಜುಲೈ 17ರಂದು ತುರ್ರೇಬಾಜ್ ಖಾನ್ ಮತ್ತು ಮೌಲ್ವಿ ಅಲಾವುದ್ದೀನರ ನೇತೃತ್ವದಲ್ಲಿ ಜನ ರೆಸಿಡೆನ್ಸಿಯ ಮೇಲೆ ನುಗ್ಗಿದರು. ಫಿರಂಗಿಗಳೆದುರು ಆ ದಾಳಿ ನಿಲ್ಲಲಿಲ್ಲ. ಖಾನನು ಗುಂಡಿಗೆ ಬಲಿಯಾದನು. ಮೌಲ್ವಿಯನ್ನು ಅಂಡಮಾನಿಗೆ ಕಳುಹಿಸಲಾಯಿತು. ಅನಂತರ ಆವರಣವನ್ನು ಗೋಡೆ, ಬುರುಜುಗಳಿಂದ ಭದ್ರಪಡಿಸಿದರು. ನಿವಾಸವು ಕೋಟೆಯಾದುದು ಹೀಗೆ.

ಮರುವರ್ಷ ಸುರಪುರದ ದೊರೆ ರಾಜಾ ವೆಂಕಟಪ್ಪ ನಾಯಕನು ಬ್ರಿಟಿಷರ ವಿರುದ್ಧ ಎದ್ದು, ಸೋತು, ಹೈದರಾಬಾದಿಗೆ ಬಂದು ಸೆರೆಸಿಕ್ಕನು. ದಿವಾನ ಸಾಲಾರ್ ಜಂಗರು ಅವನನ್ನು ಒಪ್ಪಿಸಿದ್ದು ಇದೇ ರೆಸಿಡೆಂಟನಿಗೆ. ಸೆರೆವಾಸಕ್ಕೆ ಸಾಗಿಸುವ ದಾರಿಯಲ್ಲಿ ಆ ತರುಣ ಗುಂಡೇಟಿನಿಂದ ಸತ್ತನು. 1860ರಲ್ಲಿ ರಾಯಚೂರು ನಿಜಾಮರಿಗೆ ಮರಳಿತು. ಸುರಪುರವನ್ನೂ ಅವರಿಗೇ ಬಹುಮಾನವಾಗಿ ಕೊಟ್ಟರು. ನಮ್ಮ ಊರುಗಳ ಹಣೆಬರಹವನ್ನು ನಮ್ಮನ್ನು ಕೇಳದೆಯೇ ತೀರ್ಮಾನಿಸಿದ ಅಧಿಕಾರದ ಮನೆ ಇದು.

1947ರಲ್ಲಿ ರೆಸಿಡೆಂಟರ ಕಾಲ ಮುಗಿಯಿತು. 1924ರಲ್ಲಿ ಆರಂಭವಾಗಿದ್ದ ಉಸ್ಮಾನಿಯಾ ವಿಶ್ವವಿದ್ಯಾಲಯದ ಮಹಿಳಾ ಕಾಲೇಜು 1949ರಲ್ಲಿ ಈ ಆವರಣಕ್ಕೆ ಬಂದಿತು. ಆಗ ಬೀದರ, ಕಲಬುರ್ಗಿ, ರಾಯಚೂರುಗಳೂ ಹೈದರಾಬಾದ್ ರಾಜ್ಯದಲ್ಲೇ ಇದ್ದವು; 1956ರವರೆಗೆ ಅಲ್ಲಿನ ಹೆಣ್ಣುಮಕ್ಕಳಿಗೂ ಇದು ತಮ್ಮದೇ ರಾಜ್ಯದ ಕಾಲೇಜು. ಯಾವ ಮನೆಯ ಸೈನ್ಯಕ್ಕೆ ಅಜ್ಜಂದಿರ ಕಂದಾಯ ಹೋಗಿತ್ತೋ ಆ ಮನೆಯ ಬಾಗಿಲು ಮೊಮ್ಮಕ್ಕಳಿಗೆ ತೆರೆಯಿತು.

ಇದು ಸುಲಭದ ಬದಲಾವಣೆಯಲ್ಲ. ದರ್ಬಾರು, ಔತಣಗಳಿಗಾಗಿ ಕಟ್ಟಿದ ಸೌಧವು ಪಾಠಪ್ರವಚನಗಳ ಭಾರ ಹೊರಬೇಕಾಯಿತು. ಬಳಕೆಯಿಲ್ಲದ ಮನೆ ಹಾಳಾಗುತ್ತದೆ. ಬಳಸಿದ ಮನೆ ಸವೆಯುತ್ತದೆ. ಕಚೇರಿಯಲ್ಲಿ ಕಡತ ನೋಡುವ ನಮ್ಮಂಥವರಿಗೆ ಇದು ಹೊಸದಲ್ಲ: ಹೊಸ ಕಟ್ಟಡಕ್ಕೆ ಮಂಜೂರಾತಿ ಸಿಕ್ಕಷ್ಟು ಸುಲಭವಾಗಿ ಹಳೆಯದರ ರಿಪೇರಿಗೆ ಹಣ ಸಿಗುವುದಿಲ್ಲ. 2002ರಲ್ಲಿ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಎಂಬ ಸಂಸ್ಥೆ ಅಪಾಯದಲ್ಲಿರುವ ಸ್ಮಾರಕಗಳ ಪಟ್ಟಿಯಲ್ಲಿ ಇದನ್ನು ಸೇರಿಸಿತು. ಮುಂದೆ ಜೀರ್ಣೋದ್ಧಾರ ನಡೆದು ಸೌಧ ಮತ್ತೆ ಕಳೆಗೂಡಿತು. 2022ರಲ್ಲಿ ಕಾಲೇಜು ಮಹಿಳಾ ವಿಶ್ವವಿದ್ಯಾಲಯವಾಯಿತು. 2024ರಲ್ಲಿ ಅದಕ್ಕೆ ಚಾಕಲಿ ಐಲಮ್ಮನ ಹೆಸರನ್ನು ಘೋಷಿಸಲಾಯಿತು. ತನ್ನ ಹೊಲಕ್ಕಾಗಿ ದೇಶಮುಖನನ್ನು ಎದುರಿಸಿ ನಿಂತ ಅಗಸರ ಹೆಣ್ಣುಮಗಳು ಆಕೆ. ರೆಸಿಡೆಂಟರ ಸೌಧಕ್ಕೆ ಇದಕ್ಕಿಂತ ಒಪ್ಪುವ ಹೆಸರು ಬೇರಿಲ್ಲ.

ಚಾರ್‌ಮಿನಾರ್, ಗೋಲ್ಕೊಂಡಗಳನ್ನು ನಮ್ಮ ನೆಂಟರಿಗೆ ತೋರಿಸುತ್ತೇವೆ. ಇನ್ನು ಮುಂದೆ ಕೋಠಿಗೂ ಕರೆದೊಯ್ಯೋಣ. ವೆಂಕಟಪ್ಪ ನಾಯಕನ ಕಥೆಯನ್ನು ಮಕ್ಕಳಿಗೆ ಅಲ್ಲಿಯೇ ಹೇಳೋಣ. ಈ ಊರಿಗೆ ನಾವು ಹೊಟ್ಟೆಪಾಡಿಗೆ ಬಂದವರಿರಬಹುದು. ಈ ಊರಿನ ಇತಿಹಾಸಕ್ಕೆ ಮಾತ್ರ ಹೊರಗಿನವರಲ್ಲ.