ಬಜಪೆಯ ಅಗ್ಗದ ಟಿಕೆಟ್ಟು

ಮೊನ್ನೆ ರಾತ್ರಿ ಬಿ.ಸಿ.ರೋಡಿನಿಂದ ಭಾವ ಫೋನ್ ಮಾಡಿದ್ದರು. "ಮಕ್ಕಳಿಗೆ ಒಮ್ಮೆ ಡೆಲ್ಲಿ ತೋರಿಸಬೇಕು ಮಾರಾಯ. ವಿಮಾನದಲ್ಲಿ ಅಗ್ಗದ್ದು ಎಂತಾದ್ರೂ ಉಂಟಾ ನೋಡು."

"ಯಾವಾಗ ಹೋಗುವುದು ಭಾವ?"

"ಮೇ ತಿಂಗಳಲ್ಲಿ. ಶನಿವಾರ ಹೊರಟರೆ ಒಳ್ಳೆಯದು."

ಕಂಪ್ಯೂಟರ್ ಮುಂದೆ ಕೂತು ನೋಡಿದೆ. ನಾಲ್ಕು ಜನ ಹೋಗಿ ಬರುವ ದುಡ್ಡು ಹೇಳಿದಾಗ ಆ ಕಡೆ ಸ್ವಲ್ಪ ಹೊತ್ತು ಮೌನ. ಭಾವನ ಲೆಕ್ಕವೆಲ್ಲ ಅಡಿಕೆಯಲ್ಲಿ. "ಒಂದೂವರೆ ಕ್ವಿಂಟಾಲ್ ಹೋಯ್ತು ಹಾಗಾದ್ರೆ" ಅಂದರು. ಅದೇ ವಿಮಾನ, ಅದೇ ಸೀಟು, ಶನಿವಾರದ ಬದಲು ಮಂಗಳವಾರ ಆದರೆ ಕಡಿಮೆ, ಮೇ ಬದಲು ಜುಲೈ ಆದರೆ ಇನ್ನೂ ಕಡಿಮೆ ಅಂದೆ. ಅವರಿಗೆ ಸಿಟ್ಟೇ ಬಂತು. "ಇದೆಂಥ ನ್ಯಾಯ? ಮಂಗಳೂರಿಗೆ ಹೋಗುವ ಬಸ್ಸಲ್ಲಿ ಸೋಮವಾರಕ್ಕೊಂದು ರೇಟು, ಶನಿವಾರಕ್ಕೊಂದು ರೇಟು ಉಂಟಾ?"

ಬಸ್ಸಲ್ಲಿ ಇಲ್ಲ. (ಬೆಂಗಳೂರಿನ ರಾತ್ರಿ ಬಸ್ಸುಗಳು ಈ ವಿದ್ಯೆಯನ್ನು ಚೆನ್ನಾಗಿಯೇ ಕಲಿತಿವೆ, ಅದು ಬೇರೆ ಮಾತು.) ಆದರೆ ವಿಮಾನದಲ್ಲೂ ಒಂದು ಕಾಲಕ್ಕೆ ಹೀಗಿರಲಿಲ್ಲ. ಫೋನ್ ಇಟ್ಟ ಮೇಲೆ ನಿದ್ದೆ ಬರಲಿಲ್ಲ. ನಮ್ಮ ಬಜಪೆಯಲ್ಲಿ ಈ "ಅಗ್ಗದ ಟಿಕೆಟ್ಟು" ಅನ್ನುವುದು ಯಾವಾಗ ಹುಟ್ಟಿತು ಅಂತ ಯೋಚಿಸುತ್ತಾ ಕೂತೆ. ಅದರ ಫಲ ಈ ಬರಹ.

ಬಜಪೆಯ ವಿಮಾನ ನಿಲ್ದಾಣ ಶುರುವಾದದ್ದು 1951ರ ಡಿಸೆಂಬರ್ 25ರಂದು. ಅಂದು ಡಗ್ಲಾಸ್ ಡಿಸಿ-3 ವಿಮಾನದಲ್ಲಿ ಬಂದಿಳಿದವರು ಪ್ರಧಾನಿ ನೆಹರೂ. ಬೆಟ್ಟದ ತಲೆ ಕತ್ತರಿಸಿ ಮಾಡಿದ ಜಾಗ, ಸುತ್ತ ಕಣಿವೆ. ರನ್‌ವೇ ಉದ್ದ 1,615 ಮೀಟರ್ ಮಾತ್ರ. 1953ರಲ್ಲಿ ದೇಶದ ಖಾಸಗಿ ವಿಮಾನ ಕಂಪನಿಗಳನ್ನೆಲ್ಲ ಸರಕಾರ ವಶಪಡಿಸಿಕೊಂಡು ಒಳನಾಡಿನ ಹಾರಾಟಕ್ಕೆ ಇಂಡಿಯನ್ ಏರ್‌ಲೈನ್ಸ್ ಮಾಡಿತು. ಅಲ್ಲಿಂದ ಸುಮಾರು ನಲವತ್ತು ವರ್ಷ ಅದರದ್ದೇ ರಾಜ್ಯ. ವಿದ್ಯಾರ್ಥಿಗಳಿಗೆ, ಹಿರಿಯರಿಗೆ ಒಂದಿಷ್ಟು ರಿಯಾಯಿತಿ ಬಿಟ್ಟರೆ ಟಿಕೆಟ್ಟಿಗೆ ಒಂದೇ ದರ. ಆರು ತಿಂಗಳು ಮೊದಲು ಕೊಂಡರೂ ಅಷ್ಟೆ, ಹೊರಡುವ ದಿನ ಕೊಂಡರೂ ಅಷ್ಟೆ. ಭಾವ ಹೇಳುವ ನ್ಯಾಯ ಆಗ ಇತ್ತು. ಆದರೆ ಆ ನ್ಯಾಯದ ದರ ಕೊಡುವ ಶಕ್ತಿ ಬಂಟ್ವಾಳ ತಾಲೂಕಿನಲ್ಲಿ ಎಷ್ಟು ಮನೆಗಳಿಗಿತ್ತು? ಬೊಂಬಾಯಿಯ ಹೋಟೆಲುಗಳಲ್ಲಿ ದುಡಿಯುತ್ತಿದ್ದ ನಮ್ಮೂರಿನವರು ಬಸ್ಸಿನಲ್ಲಿ ಸೊಂಟ ಮುರಿದುಕೊಂಡೇ ಬರುತ್ತಿದ್ದರು. ಕೊಂಕಣ ರೈಲು ಪೂರ್ತಿಯಾಗಿ ಓಡಲು ಶುರುವಾದದ್ದು 1998ರಲ್ಲಿ. ಬೆಂಗಳೂರಿನ ಕಡೆಗಾದರೆ, 1979ರಲ್ಲಿ ಬಂಟ್ವಾಳದ ಮೇಲೆ ಹಾಸನಕ್ಕೆ ಹೋಗುವ ಮೀಟರ್ ಗೇಜ್ ರೈಲು ಬಂತು, 1996ರಲ್ಲಿ ಗೇಜ್ ಬದಲಿಸಲು ನಿಂತಿತು, ಮತ್ತೆ ಪ್ರಯಾಣಿಕರನ್ನು ಹತ್ತಿಸಿಕೊಂಡದ್ದು 2007ರ ಡಿಸೆಂಬರಿನಲ್ಲಿ. ಹನ್ನೊಂದು ವರ್ಷ! ಆ ಹನ್ನೊಂದು ವರ್ಷ ನಮಗೆಲ್ಲ ಶಿರಾಡಿ ಘಾಟಿಯ ಹೊಂಡಗಳೇ ಗತಿ.

ಆ ಹೊಂಡಗಳ ಕಾಲದಲ್ಲೇ ಕ್ಯಾಪ್ಟನ್ ಗೋಪಿನಾಥ್ ಬಂದರು.

ಅವರ ಕಥೆ ನಿಮಗೆ ಗೊತ್ತಿರಬಹುದು. ಹಾಸನದ ಗೊರೂರಿನವರು, ಸೈನ್ಯ ಬಿಟ್ಟು ಬಂದು ರೇಷ್ಮೆ ಬೆಳೆದವರು, ಆಮೇಲೆ ಹೆಲಿಕಾಪ್ಟರ್ ಬಾಡಿಗೆಗೆ ಕೊಡುವ ಕಂಪನಿ ಮಾಡಿದವರು. ಅವರ ಆತ್ಮಕಥೆ ವಿಶ್ವೇಶ್ವರ ಭಟ್ಟರ ಕನ್ನಡದಲ್ಲಿ "ಬಾನಯಾನ" ಎಂದು ಬಂದಿದೆ. 2003ರ ಆಗಸ್ಟಿನಲ್ಲಿ ಏರ್ ಡೆಕ್ಕನ್ ಹಾರಿತು. ನಲವತ್ತೆಂಟು ಸೀಟಿನ ಎಟಿಆರ್ ವಿಮಾನಗಳು, ಆರ್.ಕೆ.ಲಕ್ಷ್ಮಣರ ಶ್ರೀಸಾಮಾನ್ಯನ ಚಿತ್ರ. ಊಟ ಇಲ್ಲ, ನೀರಿಗೂ ದುಡ್ಡು. ಟಿಕೆಟ್ಟು ಇಂಟರ್‌ನೆಟ್ಟಿನಲ್ಲಿ. ಇಳಿದ ವಿಮಾನ ಅರ್ಧ ಗಂಟೆಯೊಳಗೆ ಮತ್ತೆ ಮೇಲೇರಬೇಕು, ಯಾಕೆಂದರೆ ನೆಲದ ಮೇಲೆ ನಿಂತ ವಿಮಾನ ಸಂಪಾದಿಸುವುದಿಲ್ಲ.

ಇದರ ಜೊತೆಗೆ ಇನ್ನೊಂದು ಲೆಕ್ಕ ಇತ್ತು. ಅದೇ ಭಾವನ ಸಿಟ್ಟಿಗೆ ಕಾರಣವಾದದ್ದು. ಅದನ್ನು ನಾನು ಅವರಿಗೆ ಮಲ್ಲಿಗೆಯಲ್ಲಿ ವಿವರಿಸಿದೆ. ಶಂಕರಪುರದಲ್ಲಿ ಮಲ್ಲಿಗೆಗೆ ಅಟ್ಟೆಗಿಷ್ಟು ಅಂತ ದಿನದಿನವೂ ದರ ಕಟ್ಟುತ್ತಾರಲ್ಲ? ಮದುವೆಯ ದಿನಗಳಲ್ಲಿ ಮುಟ್ಟಲಿಕ್ಕಾಗುವುದಿಲ್ಲ, ಆಟಿ ತಿಂಗಳಲ್ಲಿ ಕೇಳುವವರಿಲ್ಲ. ಹೂ ಅದೇ, ಗಿಡ ಅದೇ. ಸಂಜೆಯಾದರೆ ಬಾಡುವ ವಸ್ತುವಿಗೆ ನಿನ್ನೆಯ ಬೆಲೆ ನಾಳೆ ಇರುವುದಿಲ್ಲ. ವಿಮಾನದ ಸೀಟೂ ಬಾಡುವ ವಸ್ತುವೇ. ಬಾಗಿಲು ಹಾಕಿದ ಮೇಲೆ ಖಾಲಿ ಸೀಟಿಗೆ ಮೂರು ಕಾಸೂ ಇಲ್ಲ. ಒಂದೇ ವ್ಯತ್ಯಾಸ, ಹೂವಿನಂಗಡಿಯವನು ಕೊನೆಗೆ ಉಳಿದದ್ದನ್ನು ಅಗ್ಗಕ್ಕೆ ಕೊಟ್ಟು ಮನೆಗೆ ಹೋಗುತ್ತಾನೆ, ವಿಮಾನದವನು ಮೊದಲು ಅಗ್ಗಕ್ಕೆ ಕೊಡುತ್ತಾನೆ. ಕೊನೆಗೆ ಓಡಿ ಬರುವವನಿಗೆ ತುರ್ತು ಇರುತ್ತದೆ, ಎಷ್ಟಾದರೂ ಕೊಡುತ್ತಾನೆ ಅಂತ ಅವನಿಗೆ ಗೊತ್ತು.

ಈ ವಿದ್ಯೆ ಅಮೆರಿಕದ್ದು. ಅಲ್ಲಿ 1978ರಲ್ಲಿ ವಿಮಾನ ದರದ ಮೇಲಿನ ಸರಕಾರದ ಹಿಡಿತ ಹೋಯಿತು. ಪೀಪಲ್ ಎಕ್ಸ್‌ಪ್ರೆಸ್ ಅನ್ನುವ ಅಗ್ಗದ ಕಂಪನಿ ದೊಡ್ಡವರ ಗಿರಾಕಿಗಳನ್ನು ಸೆಳೆಯಿತು. 1985ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಒಂದು ಉಪಾಯ ಮಾಡಿತು. ಎಲ್ಲ ಸೀಟನ್ನೂ ಅಗ್ಗ ಮಾಡಲಿಲ್ಲ. ಯಾವ ವಿಮಾನದಲ್ಲಿ ಎಷ್ಟು ಸೀಟು ಖಾಲಿ ಉಳಿಯುತ್ತದೆ ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಅಷ್ಟನ್ನು ಮಾತ್ರ, ಬಹಳ ಮೊದಲೇ ಕೊಳ್ಳುವವರಿಗೆ, ಅಗ್ಗಕ್ಕೆ ಬಿಟ್ಟಿತು. ಎರಡೇ ವರ್ಷದಲ್ಲಿ ಪೀಪಲ್ ಎಕ್ಸ್‌ಪ್ರೆಸ್ ಮುಗಿಯಿತು. ನಮ್ಮಲ್ಲಿ 1994ರಲ್ಲಿ ಇಂಡಿಯನ್ ಏರ್‌ಲೈನ್ಸಿನ ಏಕಸ್ವಾಮ್ಯದ ಕಾನೂನು ರದ್ದಾಯಿತು. ಆದರೂ ಈ ವಿದ್ಯೆಯ ರುಚಿ ಜನಸಾಮಾನ್ಯರಿಗೆ ಹತ್ತಿಸಿದ್ದು ಏರ್ ಡೆಕ್ಕನ್ನೇ.

ಒಂದು ರೂಪಾಯಿ ಟಿಕೆಟ್ಟು ನೆನಪಿರಬೇಕಲ್ಲ ನಿಮಗೆ? ತೆರಿಗೆ, ನಿಲ್ದಾಣದ ಶುಲ್ಕ ಎಲ್ಲ ಸೇರಿ ಕೆಲವು ನೂರು ಆಗುತ್ತಿತ್ತು, ಸೀಟುಗಳೂ ಬೆರಳೆಣಿಕೆ. ಸೈಬರ್ ಕೆಫೆಯಲ್ಲಿ ಗಂಟೆಗಟ್ಟಲೆ ಕೂತು ಒಂದೂ ಸಿಗದೆ ಎದ್ದು ಬಂದವರಲ್ಲಿ ನಾನೂ ಒಬ್ಬ. ಟಿಕೆಟ್ಟಿಗಿಂತ ಕೆಫೆಯ ಬಿಲ್ಲೇ ಜಾಸ್ತಿ ಆಗಿತ್ತು :) ಆದರೂ ಸೀಟು ಸಿಕ್ಕಿದವರು ಇದ್ದರು. ಚಪ್ಪಲಿ ಹಾಕಿಕೊಂಡು, ಮಾವಿನ ಮಿಡಿ ಉಪ್ಪಿನಕಾಯಿ ಭರಣಿ ಕಂಕುಳಲ್ಲಿಟ್ಟುಕೊಂಡು ಜನ ವಿಮಾನ ಹತ್ತಿದ್ದು ಆಗಲೇ.

ಇಲ್ಲಿ ನಮ್ಮ ಬಂಟ್ವಾಳ ಬರುತ್ತದೆ. 2005ರ ಮೇ ತಿಂಗಳಲ್ಲಿ ಕಿಂಗ್‌ಫಿಷರ್ ಹಾರಿತು. ವಿಜಯ್ ಮಲ್ಯರ ಅಜ್ಜ ಬಂಟ್ವಾಳ ಗಣಪತಿ ಮಲ್ಯರು ಸೈನ್ಯದಲ್ಲಿ ವೈದ್ಯರಾಗಿದ್ದವರು, ಮನೆತನದ ಮೂಲ ಬಂಟ್ವಾಳ. ಹಾಗಾಗಿ ಊರಲ್ಲಿ ಅವರ ಬಗ್ಗೆ ಒಂದು ತರದ ಹೆಮ್ಮೆ ಇತ್ತು, ಆಮೇಲೆ ಆ ಹೆಮ್ಮೆ ಎಲ್ಲಿ ಅಡಗಿತೋ ಗೊತ್ತಿಲ್ಲ. ಗೊರೂರಿನವರದ್ದು ನೀರಿಗೂ ದುಡ್ಡು ಕೇಳುವ ವಿಮಾನ, ಬಂಟ್ವಾಳ ಮೂಲದವರದ್ದು ಪ್ರತಿ ಸೀಟಿಗೂ ಟಿ.ವಿ. ಇರುವ ವಿಮಾನ. 2007ರಲ್ಲಿ ನಷ್ಟದಲ್ಲಿದ್ದ ಡೆಕ್ಕನ್ನಿನ ಶೇಕಡಾ 26 ಪಾಲನ್ನು ಮಲ್ಯರು 550 ಕೋಟಿಗೆ ಕೊಂಡರು. ವಿದೇಶಕ್ಕೆ ಹಾರಬೇಕಾದರೆ ಕಂಪನಿಗೆ ಐದು ವರ್ಷ ತುಂಬಿರಬೇಕು ಅನ್ನುವ ನಿಯಮ ಆಗ ಇತ್ತು. ಕಿಂಗ್‌ಫಿಷರಿಗೆ ತುಂಬಿರಲಿಲ್ಲ, ಡೆಕ್ಕನ್ನಿಗೆ 2008ರ ಆಗಸ್ಟಿನಲ್ಲಿ ತುಂಬಿತು. ಮರು ತಿಂಗಳೇ ಬೆಂಗಳೂರಿನಿಂದ ಲಂಡನ್ನಿಗೆ ಕಿಂಗ್‌ಫಿಷರ್ ಹಾರಿತು. ಅಗ್ಗದ ವಿಮಾನದ ಹೆಸರು ಕಿಂಗ್‌ಫಿಷರ್ ರೆಡ್ ಅಂತಾಯಿತು. 2011ರ ಸೆಪ್ಟೆಂಬರಿನಲ್ಲಿ ಅದನ್ನೂ ಮುಚ್ಚುವುದಾಗಿ ಹೇಳಿದರು. 2012ರ ಅಕ್ಟೋಬರಿನಲ್ಲಿ ಇಡೀ ಕಂಪನಿಯ ಪರವಾನಗಿ ಅಮಾನತಾಯಿತು, ನೌಕರರ ಸಂಬಳ ಬಾಕಿ ಉಳಿಯಿತು. ಮಲ್ಯರಿಗೆ ಬೇಕಾಗಿದ್ದದ್ದು ಡೆಕ್ಕನ್ನಿನ ಪ್ರಯಾಣಿಕರಲ್ಲ, ಅದರ ವಯಸ್ಸು ಅಂತಲೇ ನನಗೆ ಇಂದಿಗೂ ಅನ್ನಿಸುವುದು.

ಇದೆಲ್ಲ ಬೆಂಗಳೂರು, ಮುಂಬಯಿಗೆ ಹೋಗುವವರ ಕಥೆ. ನಮ್ಮ ತಾಲೂಕಿನಲ್ಲಿ ಅಗ್ಗದ ಟಿಕೆಟ್ಟು ನಿಜವಾಗಿ ಬೇಕಾಗಿದ್ದವರು ಗಲ್ಫಿನವರು. ಪಾಣೆಮಂಗಳೂರು, ಗೂಡಿನಬಳಿ, ವಿಟ್ಲ, ಆ ಕಡೆ ಬೆಳ್ತಂಗಡಿ, ಮೂಡಬಿದ್ರೆ, ಎಲ್ಲಿ ನೋಡಿದರೂ ಕೊಲ್ಲಿಯ ದುಡ್ಡಿನಲ್ಲಿ ಎದ್ದ ಮನೆಗಳು ಸಿಗುತ್ತವೆ. 1,615 ಮೀಟರಿನ ರನ್‌ವೇಯಿಂದ ತುಂಬಿದ ವಿಮಾನ ದುಬೈಗೆ ಹಾರುವ ಹಾಗಿರಲಿಲ್ಲ. ಮುಂಬಯಿಗೋ ಕೋಝಿಕೋಡಿಗೋ ಹೋಗಿ ಹತ್ತಬೇಕಿತ್ತು. 2006ರಲ್ಲಿ 2,450 ಮೀಟರಿನ ಹೊಸ ರನ್‌ವೇ ಬಂತು, ಅದೇ ವರ್ಷ ಅಕ್ಟೋಬರಿನಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ ದುಬೈಗೆ ನೇರ ಹಾರಾಟ ಶುರು ಮಾಡಿತು. ಸರಕಾರದ್ದೇ ಅಗ್ಗದ ಕಂಪನಿ ಅದು. ಬಿ.ಸಿ.ರೋಡಿನವರು ಪೊಳಲಿ, ಕೈಕಂಬದ ದಾರಿಯಲ್ಲಿ ಜೀಪು ಮಾಡಿಕೊಂಡು ಹೋಗಿ ಮನೆಯವರನ್ನು ಕರೆತರುವ ಹಾಗಾಯಿತು.

2010ರ ಮೇ 22ರ ಬೆಳಗಿನ ಜಾವ ಅದೇ ಕಂಪನಿಯ ದುಬೈ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿತ್ತು. 166 ಜನರಲ್ಲಿ 158 ಜನ ಹೋದರು. ಮೇ ತಿಂಗಳು. ರಜೆಗೆ, ಮದುವೆಗೆ ಊರಿಗೆ ಬರುತ್ತಿದ್ದವರು. ಕೆಂಜಾರಿನಲ್ಲಿ ಹೊಸ ಟರ್ಮಿನಲ್ ಉದ್ಘಾಟನೆಯಾಗಿ ಒಂದು ವಾರವಾಗಿತ್ತು ಅಷ್ಟೆ. ಅಗ್ಗದ ವಿಮಾನ, ಅದಕ್ಕೇ ಬಿತ್ತು ಅನ್ನುವ ಮಾತು ಆಗ ನನ್ನ ಕಿವಿಗೂ ಬಿದ್ದಿತ್ತು. ತನಿಖೆ ಹೇಳಿದ್ದು ಹಾಗಲ್ಲ. ವಿಮಾನ ಸರಿಯಾಗಿಯೇ ಇತ್ತು. ಎತ್ತರದಿಂದ ಬಂದು, ರನ್‌ವೇಯಲ್ಲಿ ಸುಮಾರು 5,200 ಅಡಿ ಕಳೆದ ಮೇಲೆ ನೆಲ ಮುಟ್ಟಿತು. ಅಂದರೆ ಹೆಚ್ಚುಕಡಿಮೆ ನೆಹರೂ ಕಾಲದ ಇಡೀ ರನ್‌ವೇಯಷ್ಟು ಉದ್ದ ಗಾಳಿಯಲ್ಲೇ ಹೋಯಿತು. ಮತ್ತೆ ಮೇಲೇರಿ ಅಂತ ಸಹಪೈಲಟ್ ಪದೇಪದೇ ಹೇಳಿದರೂ ಕ್ಯಾಪ್ಟನ್ ಕೇಳಲಿಲ್ಲ. ದಾರಿಯಲ್ಲಿ ಬಹಳ ಹೊತ್ತು ಅವರು ನಿದ್ದೆ ಹೋಗಿದ್ದರು.

ಆ ಸಿಬ್ಬಂದಿಯೇ ಹಿಂದಿನ ರಾತ್ರಿ ಮಂಗಳೂರಿನಿಂದ ಹೊರಟು, ದುಬೈ ಮುಟ್ಟಿ, ಅಲ್ಲಿಂದ ಕೂಡಲೇ ತಿರುಗಿ ಬಂದವರು. ವಿಮಾನ ನೆಲದ ಮೇಲೆ ನಿಲ್ಲಬಾರದು ಅನ್ನುವ ಲೆಕ್ಕಕ್ಕೆ ರಾತ್ರಿ ಹಗಲು ಇಲ್ಲ. ಇದರಿಂದಲೇ ಅಪಘಾತ ಆಯಿತು ಅಂತ ನಾನು ಹೇಳುತ್ತಿಲ್ಲ, ಎಷ್ಟೋ ವಿಮಾನಗಳು ಹಾಗೆ ದಿನಾ ಹೋಗಿ ಬರುತ್ತವೆ. ಆದರೆ ಅಗ್ಗದ ಟಿಕೆಟ್ಟು ಹುಡುಕುವಾಗ ಪಟ್ಟಿಯಲ್ಲಿ ಮೇಲೆ ಬರುವುದು ಬಹಳ ಸಲ ಅಂಥ ಅಪರಾತ್ರಿಯ ವಿಮಾನವೇ.

ಇನ್ನು ಈಗಿನ ಸ್ಥಿತಿ. ಜೆಟ್ 2019ರಲ್ಲಿ ನಿಂತಿತು. ಬಜಪೆ ನಿಲ್ದಾಣ 2020ರ ಅಕ್ಟೋಬರಿನಲ್ಲಿ ಅದಾನಿಯವರ ಕೈಗೆ ಹೋಯಿತು. ಏರ್ ಇಂಡಿಯಾ ಎಕ್ಸ್‌ಪ್ರೆಸ್ 2022ರಲ್ಲಿ ಟಾಟಾದವರದ್ದಾಯಿತು. ಗಲ್ಫಿನವರು 2018ರಲ್ಲಿ ತೆರೆದ ಕಣ್ಣೂರು ನಿಲ್ದಾಣದ ದರವನ್ನೂ ನೋಡುತ್ತಾರೆ, ಟ್ಯಾಕ್ಸಿ ಖರ್ಚು ಸೇರಿಸಿದರೆ ಉಳಿಯುವುದು ಅಷ್ಟಕ್ಕಷ್ಟೆ. ಭಾವನಿಗೂ ನಾನು ಅದೇ ತರ ಒಂದು ದಾರಿ ಹೇಳಿದೆ. ರಾತ್ರಿ ಬಂಟ್ವಾಳದಲ್ಲೇ ರೈಲು ಹತ್ತಿ, ಬೆಳಿಗ್ಗೆ ಬೆಂಗಳೂರಲ್ಲಿಳಿದು, ಅಲ್ಲಿಂದ ಡೆಲ್ಲಿ ವಿಮಾನ. ದೊಡ್ಡ ಊರು, ವಿಮಾನ ಜಾಸ್ತಿ, ಪೈಪೋಟಿ ಜಾಸ್ತಿ.

"ಅದು ಸರಿ, ಮೇ ತಿಂಗಳೇ ಆಗಬೇಕಾ ಭಾವ?" ಅಂದೆ.

"ಮತ್ತೆ ಯಾವಾಗ ಹೋಗುವುದು? ಮಳೆ ಹಿಡಿದರೆ ಮಕ್ಕಳಿಗೆ ಶಾಲೆ, ನನಗೆ ತೋಟಕ್ಕೆ ಮದ್ದು ಬಿಡ್ಲಿಕ್ಕುಂಟು. ಮೇ ತಿಂಗಳಲ್ಲೂ ಪಂಪಿಗೆ ಜನ ಮಾಡಿಯೇ ಹೋಗಬೇಕು."

ಅಲ್ಲಿಗೆ ಬಂತು ನೋಡಿ. ಕಂಪ್ಯೂಟರಿನವನು ಮಾರುವುದು ಸೀಟನ್ನಲ್ಲ, ತಾರೀಕನ್ನು. ಭಾವನ ತಾರೀಕು ಮಳೆಯ ಕೈಯಲ್ಲಿದೆ, ಗಲ್ಫಿನವರದ್ದು ಧಣಿಯ ಕೈಯಲ್ಲಿದೆ. ಒಂದು ರೂಪಾಯಿ ಟಿಕೆಟ್ಟು ಹುಡುಕಿದ ನನಗೆ ಆಗ ಮದುವೆಯಾಗಿರಲಿಲ್ಲ, ಯಾವ ವಾರ ಬೇಕಾದರೂ ಹೊರಡಬಹುದಿತ್ತು.

ಕೊನೆಗೆ ದಸರಾ ರಜೆ ಅಂತಾಯಿತು. ತೋಟಕ್ಕೆ ಆಗ ನೀರು ಬೇಡ. ಎಷ್ಟೋ ತಿಂಗಳು ಮೊದಲೇ ಕೊಳ್ಳುವುದರಿಂದ ಮೇ ತಿಂಗಳಿಗಿಂತ ಅರ್ಧ ಕ್ವಿಂಟಾಲ್ ಅಡಿಕೆ ಉಳಿಯಿತು. ಹಿಂದೆ ಬರುವುದು ಮಾತ್ರ ನೇರ ಬಜಪೆಗೇ. ಅದರಲ್ಲಿ ಎರಡು ವಿಮಾನ ಇತ್ತು, ಬೆಳಗಿನ ಜಾವ ಇಳಿಯುವುದು ಅಗ್ಗ. ಅದನ್ನು ಓದಿ ಹೇಳಿದೆ. ಭಾವ ಹೂಂ ಅನ್ನುವ ಮೊದಲು ಹಿಂದಿನಿಂದ ಅಕ್ಕನ ಸ್ವರ ಕೇಳಿತು, "ಅದು ಬೇಡ. ಹಗಲಿಂದು ಮಾಡು."

ತಲೆಗೆ ಎಂಟು ನೂರು ಜಾಸ್ತಿ. ಅದನ್ನೇ ಮಾಡಿದೆ.